ಎಷ್ಟು ಜೋರು ಎಂದಲ್ಲ, ಎಲ್ಲಿ ಹಿಡಿಯುತ್ತದೆ ಎಂದು ಕೇಳಿ

ಎಲ್ಲರಿಗೂ ಶರಣು. ರಾಶಿ ಮುಗಿಸಿದ ರೈತರು ಮುಂದಿನ ಸಾಲಿನಲ್ಲಿದ್ದೀರಿ, ಹಾಜರಾತಿಗಾಗಿ ಬಂದ ಬಿ.ಎಸ್ಸಿ. ವಿದ್ಯಾರ್ಥಿಗಳು ಹಿಂದಿದ್ದೀರಿ. ಇಂದಿನ ವಿಷಯ ಶಿಲೀಂಧ್ರವನ್ನು ಕೊಲ್ಲುವ ಪೆಪ್ಟೈಡ್‌ಗಳು, ಅಂದರೆ ಪುಟ್ಟ ಪ್ರೋಟೀನ್‌ಗಳು. ಇಬ್ಬರಿಗೂ ನನ್ನದು ಒಂದೇ ತಕರಾರು. ಔಷಧದ ಅಂಗಡಿಗೆ ಹೋದರೆ ‘ಇದು ಎಷ್ಟು ಜೋರು?’ ಎಂದು ಕೇಳುತ್ತೇವೆ. ‘ಇದು ಎಲ್ಲಿ ಹಿಡಿಯುತ್ತದೆ?’ ಎಂದು ಯಾರೂ ಕೇಳುವುದಿಲ್ಲ.

ತೊಗರಿಯ ನೆಟೆ ರೋಗವನ್ನು ಕಲಬುರಗಿಯವರಿಗೆ ನಾನು ವಿವರಿಸಬೇಕಿಲ್ಲ. ಆಳಂದದ ಕಡೆ ಒಂದು ಹೊಲದಲ್ಲಿ ಮುತ್ಯಾ ಒಬ್ಬರು ಬಾಡಿದ ಗಿಡ ಕಿತ್ತು, ಕುಡಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನನ್ನ ಕೈಗಿಟ್ಟರು. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ, ಒಳಗೆ ನೀರು ಏರುವ ಜಾಗದಲ್ಲಿ ಕಪ್ಪು ಗೆರೆಗಳು. ನಾನು ಅಲ್ಲೇ ಬದುವಿನ ಮೇಲೆ ಪಾಠ ಶುರು ಮಾಡಿದೆ: ಇದು ಫ್ಯುಸೇರಿಯಂ ಉಡಮ್, 1910ರಲ್ಲಿ ಬಟ್ಲರ್ ಎಂಬ ವಿಜ್ಞಾನಿ ಹೆಸರಿಟ್ಟ ಶಿಲೀಂಧ್ರ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬೇರಿನ ಮೂಲಕ ಒಳಹೊಕ್ಕು ನಾಳ ಕಟ್ಟುತ್ತದೆ. ನಡುವೆ ಚಹಾ ಬಂತು. ಚಹಾ ಮುಗಿಯಿತು, ನನ್ನ ಪಾಠ ಮುಗಿಯಲಿಲ್ಲ. ಮುತ್ಯಾ ಎಲೆಅಡಿಕೆ ಉಗುಳಿ ಕೇಳಿದರು: ‘ಸಾಹೇಬರೇ, ಮಣ್ಣಿನ ತುಂಬ ಬೂಷ್ಟೇ ಇದೆ ಎನ್ನುತ್ತೀರಿ. ಹಾಗಾದರೆ ನಾನು ಬಿತ್ತಿದ ಬೀಜ ಅಲ್ಲೇ ಕೊಳೆಯದೆ ಮೊಳಕೆ ಒಡೆಯುವುದು ಹೇಗೆ?’ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲೂ ಇಷ್ಟು ಒಳ್ಳೆಯ ಪ್ರಶ್ನೆ ಬಂದಿರಲಿಲ್ಲ.

ಉತ್ತರ ಬೆಲ್ಜಿಯಂನ ಲೂವೆನ್‌ನಲ್ಲಿ, ಮೂಲಂಗಿ ಬೀಜದಲ್ಲಿ ಸಿಕ್ಕಿತ್ತು. 1995ರಲ್ಲಿ ಅಲ್ಲಿನವರು ತೋರಿಸಿದ್ದು ಇದು: ಮೊಳಕೆಗಾಗಿ ಬೀಜದ ಸಿಪ್ಪೆ ಬಿರಿಯುತ್ತಿದ್ದಂತೆ ಒಳಗಿನಿಂದ ಒಂದು ಬಗೆಯ ಪುಟ್ಟ ಪ್ರೋಟೀನ್ ಹೊರಗೆ ಸೋರುತ್ತದೆ, ಬೀಜದ ಸುತ್ತ ಶಿಲೀಂಧ್ರ ಬೆಳೆಯಲಾಗದ ವಲಯವೊಂದು ಏರ್ಪಡುತ್ತದೆ. ಸಿಪ್ಪೆ ಬಿರಿಯುವ ಗಳಿಗೆಯೇ ಮೊಳಕೆಗೆ ಅತ್ಯಂತ ಅಪಾಯದ ಗಳಿಗೆ, ಮದ್ದು ಬಿಡುಗಡೆಯಾಗುವುದೂ ಆಗಲೇ. ಈ ಪೆಪ್ಟೈಡ್‌ಗಳನ್ನು ಡಿಫೆನ್ಸಿನ್ ಎನ್ನುತ್ತೇವೆ. ಮೂಲಂಗಿಯ ಒಂದು ಡಿಫೆನ್ಸಿನ್‌ನಲ್ಲಿ ಇರುವುದು 51 ಅಮೈನೋ ಆಮ್ಲಗಳು ಮಾತ್ರ. ಗಂಧಕದ ನಾಲ್ಕು ಸೇತುವೆಗಳು ಅದನ್ನು ಬಿಗಿಯಾಗಿ ಕಟ್ಟಿಹಾಕಿರುವುದರಿಂದ ಸುಲಭಕ್ಕೆ ಕೆಡುವುದಿಲ್ಲ. ಬಟಾಣಿ, ಅಲಸಂದೆ, ಹೆಸರು ಬೀಜಗಳಲ್ಲೂ ಈ ಬಳಗದವು ಇವೆ.

ಈಗ ನನ್ನ ಪ್ರಶ್ನೆ: ಎಲ್ಲಿ ಹಿಡಿಯುತ್ತದೆ? ಶಿಲೀಂಧ್ರದ ಕೋಶಪೊರೆಯಲ್ಲಿ ಗ್ಲುಕೋಸಿಲ್‌ಸೆರಮೈಡ್ ಎಂಬ ಕೊಬ್ಬು ಇದೆ. ಅದೇ ಹೆಸರಿನ ಕೊಬ್ಬು ನಮ್ಮಲ್ಲೂ ಇದೆ, ಗಿಡದಲ್ಲೂ ಇದೆ, ಆದರೆ ರಚನೆ ಕೊಂಚ ಬೇರೆ. ಮೂಲಂಗಿಯ ಪೆಪ್ಟೈಡ್ ಶಿಲೀಂಧ್ರದ್ದನ್ನು ಹಿಡಿಯುತ್ತದೆ, ಮನುಷ್ಯನದನ್ನು ಮುಟ್ಟುವುದಿಲ್ಲ. ಹಿಡಿದ ಮೇಲೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಪೊಟ್ಯಾಸಿಯಂ ಹೊರಸೋರುತ್ತದೆ, ಕೋಶ ತನ್ನೊಳಗೇ ಹುಟ್ಟಿದ ಆಕ್ಸಿಜನ್ ವಿಷದಿಂದ ಹಾಳಾಗುತ್ತದೆ. ಆ ಕೊಬ್ಬನ್ನೇ ತಯಾರಿಸದ ಯೀಸ್ಟ್‌ಗೆ ಇದೇ ಪೆಪ್ಟೈಡ್ ಹಾಕಿದರೆ ಯೀಸ್ಟ್ ಆರಾಮವಾಗಿ ಬೆಳೆಯುತ್ತದೆ. ಮದ್ದಿನ ಜೋರು ಅಷ್ಟೇ ಇದೆ, ಹಿಡಿಯಲು ಜಾಗವಿಲ್ಲ.

ವಿದ್ಯಾರ್ಥಿಗಳೇ, ಇದು ಪರೀಕ್ಷೆಗೂ ಬರುತ್ತದೆ: ವಂಶವೃಕ್ಷದಲ್ಲಿ ಶಿಲೀಂಧ್ರ ಗಿಡಗಳಿಗಿಂತ ನಮಗೇ ಹತ್ತಿರದ ನೆಂಟ. ನೆಂಟನನ್ನು ಕೊಂದು ನಾವು ಬದುಕಬೇಕು, ಅದೇ ಕಷ್ಟ. ಹಾಗಾಗಿಯೇ ಎಕಿನೋಕ್ಯಾಂಡಿನ್ ಎಂಬ ಶಿಲೀಂಧ್ರನಾಶಕ ಮದ್ದುಗಳಿಗೆ ಇಷ್ಟು ಬೆಲೆ. ಶಿಲೀಂಧ್ರಗಳೇ ತಯಾರಿಸುವ, ಕೊಬ್ಬಿನ ಬಾಲವಿರುವ ಪೆಪ್ಟೈಡ್‌ಗಳು ಇವು. ಇವುಗಳಿಂದ ರೂಪಿಸಿದ ಕ್ಯಾಸ್ಪೊಫಂಜಿನ್‌ಗೆ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಶಿಲೀಂಧ್ರದ ಕೋಶಭಿತ್ತಿಗೆ ಗ್ಲೂಕಾನ್ ಎಂಬ ಸಕ್ಕರೆಯ ಎಳೆ ನೇಯುವ ಕಿಣ್ವವನ್ನು ಇವು ತಡೆಯುತ್ತವೆ. ನಮಗೆ ಕೋಶಭಿತ್ತಿಯೇ ಇಲ್ಲ, ಆದ್ದರಿಂದ ನಮಗೆ ಪೆಟ್ಟು ಕಡಿಮೆ. ಆದರೆ 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಇವು ಕೈಹಿಡಿಯಲಿಲ್ಲ, ಜನ ಆಂಫೊಟೆರಿಸಿನ್ ಎಂಬ ಬೇರೆ ಮದ್ದಿಗಾಗಿ ಊರೂರು ಅಲೆದರು. ಆ ರೋಗ ತರುವ ಮ್ಯೂಕರ್ ಗುಂಪಿನ ಶಿಲೀಂಧ್ರಗಳು ಎಕಿನೋಕ್ಯಾಂಡಿನ್‌ಗೆ ಮೊದಲಿನಿಂದಲೂ ಬಗ್ಗುವುದಿಲ್ಲ. ಮತ್ತೆ ಅದೇ ಮಾತು: ಎಲ್ಲಿ ಹಿಡಿಯುತ್ತದೆ?

ಸಂಘಟಕರು ಚೀಟಿ ಕಳಿಸಿದ್ದಾರೆ, ಊಟ ತಣ್ಣಗಾಗುತ್ತಿದೆಯಂತೆ. ಕಪ್ಪೆಯ ಚರ್ಮದ ಮಗೈನಿನ್, ಹಣ್ಣುನೊಣದ ಡ್ರೋಸೊಮೈಸಿನ್ ಎಂಬ ಇಂಥವೇ ಪೆಪ್ಟೈಡ್‌ಗಳ ಚಿತ್ರಗಳನ್ನು ಹಾಗೇ ಸರಿಸುತ್ತೇನೆ. ನಿಮ್ಮ ಬಾಯಲ್ಲಿ ಈಗ ನೀರೂರುತ್ತಿದ್ದರೆ ಅದರಲ್ಲೂ ಹಿಸ್ಟಾಟಿನ್ ಎಂಬ ಪೆಪ್ಟೈಡ್ ಇದೆ, ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ಕೊಲ್ಲುತ್ತದೆ. ಅಷ್ಟು ಸಾಕು.

ರೈತರಿಗೆ ಒಂದು ಮಾತು ಹೇಳಿಯೇ ಇಳಿಯುತ್ತೇನೆ. ಬೀಜದ ಕಾವಲು ಬೀಜದ ಸುತ್ತ ಮಾತ್ರ, ಬೇರು ಇಳಿದಲ್ಲೆಲ್ಲ ಅದು ಬರುವುದಿಲ್ಲ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ ಎನ್ನುವುದು ಅದಕ್ಕೇ. ಅದೂ ಶಿಲೀಂಧ್ರವೇ. ಕಿಣ್ವಗಳಿಂದ ಶತ್ರುವಿನ ಭಿತ್ತಿ ಕೊರೆಯುತ್ತದೆ, ಪೆಪ್ಟೈಬಾಲ್ ಎಂಬ ಪೆಪ್ಟೈಡ್‌ಗಳಿಂದ ಪೊರೆಗೆ ತೂತು ಮಾಡುತ್ತದೆ. ಆದರೆ ಪೊಟ್ಟಣದಲ್ಲಿರುವುದು ಜೀವ. ಬಿಸಿಲಿಗಿಟ್ಟರೆ ಸಾಯುತ್ತದೆ, ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಜೊತೆ ಕಲಸಿದರೂ ಸಾಯುತ್ತದೆ. ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ, ಹಚ್ಚಿದ ಬೀಜವನ್ನು ನೆರಳಲ್ಲಿ ಆರಿಸಿ, ತಡಮಾಡದೆ ಬಿತ್ತಿ. ಉಳಿದ ಪ್ರಶ್ನೆಗಳನ್ನು ಪಂಕ್ತಿಯಲ್ಲಿ ಕೇಳಿ, ನಾನು ಉಣ್ಣುತ್ತಲೇ ಉತ್ತರಿಸುತ್ತೇನೆ.