ಹಾಲಿನ ಲೆಕ್ಕ ಗೋಡೆ ಮೇಲೆ, ಅಣ್ಣನ ಸಾಲ ಎಲ್ಲಿದೆ?

ನಮಸ್ಕಾರ. ಧಾರವಾಡದಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹಿಂದೆ ಸದ್ದು ಕೇಳಿದರೆ ಸುಧಾರಿಸಿಕೊಳ್ಳಿ.

ಗದಗ ಬೆಟಗೇರಿಯ ಒಬ್ಬ ಅಕ್ಕ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅದರಲ್ಲಿ ಒಂಬತ್ತು ನಿಮಿಷ ವೈನಿ ಏನಂದಳು, ಅವ್ವ ಯಾಕೆ ಅತ್ತಳು, ಅಣ್ಣ ಪಂಚಮಿಗೆ ಯಾಕೆ ಕರೆಯಲಿಲ್ಲ ಅನ್ನೋದೇ ಇದೆ. ಸಾಲ ಎಷ್ಟು ಅಂತ ಕೊನೆಗೂ ಗೊತ್ತಾಗಲಿಲ್ಲ. ನಾನೇ ತಿರುಗಿ ಕೇಳಿದೆ. "ಮೂರು ಲಕ್ಷನೋ ಮೂರೂವರೆನೋ ಇರಬೇಕ್ರಿ" ಅಂದರು.

ಆಗಿದ್ದು ಇಷ್ಟು. ಅಣ್ಣ ಅಂಗಡಿ ಹಾಕಲು ಸಾಲ ತೆಗೆದ. ಇವರನ್ನು ಜಾಮೀನು ನಿಲ್ಲಿಸಿದ. "ಬರೇ ಒಂದು ಸಹಿ ಅಲ್ಲೇನವಾ, ತುಂಬಾಂವ ನಾನು" ಅಂದಿದ್ದ. ಅಂಗಡಿ ನಡೆಯಲಿಲ್ಲ. ಈಗ ಅಣ್ಣ ಫೋನ್ ಎತ್ತುವುದಿಲ್ಲ, ವಸೂಲಿಯವರ ಫೋನ್ ಇವರಿಗೆ ಬರುತ್ತಿದೆ. ಅವ್ವ ಮಾತ್ರ "ನಿನ್ನ ಬಂಗಾರ ಒತ್ತಿ ಇಟ್ಟು ತುಂಬಿಬಿಡು, ಮನೆ ಮರ್ಯಾದಿ ಪ್ರಶ್ನೆ" ಅನ್ನುತ್ತಿದ್ದಾಳೆ. ಅಣ್ಣ ಬೇಕೋ, ಬಂಗಾರ ಬೇಕೋ ಅಂತ ಅಕ್ಕ ನನ್ನನ್ನು ಕೇಳುತ್ತಿದ್ದಾರೆ.

ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ನಮ್ಮ ಮನೆಗಳಲ್ಲಿ ರೊಕ್ಕದ ಮಾತು ಎರಡೇ ನಿಮಿಷಕ್ಕೆ ಪ್ರೀತಿಯ ಮಾತಾಗಿಬಿಡುತ್ತದೆ. ಆಮೇಲೆ ಲೆಕ್ಕ ಕೇಳಿದವರೇ ಕಟುಕರು. ಅರ್ಧ ಲೀಟರ್ ಹಾಲು ಒಂದು ದಿನ ಬರಲಿಲ್ಲ ಅಂದರೆ ಕ್ಯಾಲೆಂಡರ್ ಮೇಲೆ ಗುಂಡಗೆ ಸೊನ್ನೆ ಬರೆಯುತ್ತೇವೆ. ಅಣ್ಣನಿಗೆ ಕೊಟ್ಟ ಲಕ್ಷಗಳು ಮಾತ್ರ ಯಾವ ಗೋಡೆಯ ಮೇಲೂ ಇರುವುದಿಲ್ಲ.

ನಮ್ಮ ಮನೆಯದ್ದೇ ಹೇಳುತ್ತೇನೆ. ಕಾಕಾ ಬೋರ್‌ವೆಲ್ ಹಾಕಿಸುವಾಗ ಅಪ್ಪ 60 ಸಾವಿರ ಕೊಟ್ಟಿದ್ದ. ಚೀಟಿ ಇಲ್ಲ, ಕಾಗದ ಇಲ್ಲ. ಮೂರು ವರ್ಷ ಬಿಟ್ಟು ಕಾಕಾ 40 ಸಾವಿರ ತಂದು ಕೈಯಲ್ಲಿಟ್ಟು "ಮುಗೀತು ನೋಡಣ್ಣ" ಅಂದ. ಅಪ್ಪ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಮಾತು ಕಡಿಮೆಯಾಯಿತು. ನಮ್ಮ ಅಕ್ಕನ ಮದುವೆಗೆ ಕಾಕಾ ಬಂದ, ಅಕ್ಕಿಕಾಳು ಹಾಕಿದ, ಊಟಕ್ಕೆ ಕೂರಲಿಲ್ಲ. ನಾವೆಲ್ಲ ಕಾಕಾ 20 ಸಾವಿರ ಮುಳುಗಿಸಿದ ಅಂತಲೇ ನಂಬಿಕೊಂಡು ಬೆಳೆದೆವು. ಎಷ್ಟೋ ವರ್ಷದ ಮೇಲೆ ಒಂದು ದಿನ ಕಾಕು ರೊಟ್ಟಿ ಬಡಿಯುತ್ತಾ ಅಂದಳು, "ನಿಮ್ಮ ಅಜ್ಜಿ ದವಾಖಾನೆ ಬಿಲ್ 20 ಸಾವಿರ ಇವರೇ ತುಂಬಿದ್ದರಲ್ಲಪಾ, ಅದನ್ನ ಮುರಕೊಂಡರು." ಕಾಕಾನ ಲೆಕ್ಕದಲ್ಲಿ ಅದು ಸಾಲಕ್ಕೆ ಜಮಾ. ಅಪ್ಪನ ಲೆಕ್ಕದಲ್ಲಿ ಅದು ಮಗ ತಾಯಿಗೆ ಮಾಡಬೇಕಾದ ಕರ್ತವ್ಯ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೂ ಹನ್ನೆರಡು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ.

ಇದೇ ಗದಗ ಜಿಲ್ಲೆಯಲ್ಲಿ ಕಣಗಿನಹಾಳ ಅಂತ ಊರಿದೆ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅನ್ನುತ್ತಾರೆ. ಒಂದೇ ಊರಿನವರು, ಒಬ್ಬರಿಗೊಬ್ಬರು ಗೊತ್ತಿದ್ದವರು. ಆದರೂ ಪುಸ್ತಕ ಇಟ್ಟು, ಸಹಿ ಹಾಕಿ ವ್ಯವಹಾರ ಮಾಡಿದರು. ಅದನ್ನು ಅಪನಂಬಿಕೆ ಅಂತ ಯಾರಾದರೂ ಕರೆಯುತ್ತೇವಾ?

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಮೊದಲು ಕಹಿ ಸುದ್ದಿ. ಜಾಮೀನು ಅಂದರೆ "ಬರೇ ಸಹಿ" ಅಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರರಿಗೂ ಇರುತ್ತದೆ. ಸಾಲ ಕೊಟ್ಟವರು ನೇರವಾಗಿ ನಿಮ್ಮ ಮನೆಗೇ ಬರಬಹುದು. ಹಾಗೆಯೇ, ನೀವು ತುಂಬಿದ್ದನ್ನು ಅಣ್ಣನಿಂದ ವಾಪಸ್ ಕೇಳುವ ಹಕ್ಕು ಕೂಡ ಅದೇ ಕಾಯ್ದೆಯಲ್ಲಿದೆ. ಇದನ್ನು ಅವ್ವನಿಗೂ ಹೇಳಿ.

ಬಂಗಾರಕ್ಕೆ ಇವತ್ತೇ ಕೈ ಹಚ್ಚಬೇಡಿ. ಸಾಲ ಕೊಟ್ಟವರ ಆಫೀಸಿಗೆ ಹೋಗಿ ಸ್ಟೇಟ್‌ಮೆಂಟ್ ಕೇಳಿ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಕಾಗದದಲ್ಲೇ ತಗೊಳ್ಳಿ. ಕಂತು ಸಣ್ಣದು ಮಾಡಿ ಅವಧಿ ಜಾಸ್ತಿ ಮಾಡುತ್ತೀರಾ ಅಂತ ಅರ್ಜಿ ಕೊಟ್ಟು ಕೇಳಿ. ಇದನ್ನು ತೀರಿಸಲು ಹೊರಗೆ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಗಡ ತರುವ ಯೋಚನೆ ಮಾತ್ರ ಬೇಡ. ಮೂರು ಅಂದರೆ ಸಣ್ಣದು ಅನ್ನಿಸುತ್ತದೆ. ವರ್ಷಕ್ಕೆ 36 ಆಯಿತು. ಮೂರು ಲಕ್ಷಕ್ಕೆ ತಿಂಗಳಿಗೆ 9 ಸಾವಿರ ಬರೀ ಬಡ್ಡಿ, ಅಸಲು ಇದ್ದಲ್ಲೇ ಇರುತ್ತದೆ.

ಇನ್ನು ಫೋನ್ ಕಾಟ. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೈಕ್ರೋ ಫೈನಾನ್ಸ್ ಕಿರುಕುಳದ ಗಲಾಟೆ ಜೋರಾದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹಾಗಂತ ಬ್ಯಾಂಕಿನ ಸಾಲ ಮನ್ನಾ ಆಯಿತು ಅಂತ ತಿಳಿಯಬೇಡಿ. ವಕೀಲರ ಫೀಸಿಗೆ ಹೆದರುತ್ತಿದ್ದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಉಚಿತ. 15100ಕ್ಕೆ ಫೋನ್ ಮಾಡಿ. ರಾತ್ರಿ ನಿದ್ದೆ ಬರುತ್ತಿಲ್ಲ, ಏನೇನೋ ಕೆಟ್ಟ ವಿಚಾರ ಬರುತ್ತಿದೆ ಅನ್ನುವವರು 14416, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ.

ಹಿರಿಯರನ್ನು ಕೂಡಿಸಿ ಪಂಚಾಯ್ತಿ ಮಾಡಿಸಲಾ ಅಂತ ಕೇಳಿದ್ದೀರಿ. ನಾನಾದರೆ ಮಾಡಿಸಲ್ಲ. ಹತ್ತು ಮಂದಿ ಎದುರು ಅಣ್ಣ ಸಾಲದ ಮಾತು ಆಡುವುದಿಲ್ಲ, ಮಾನ ಉಳಿಸಿಕೊಳ್ಳುವ ಮಾತು ಆಡುತ್ತಾನೆ. ನಾಲ್ಕನೇ ಮನುಷ್ಯ ಬಂದ ಕೂಡಲೇ ನಿಮ್ಮ ಮದುವೆಯಲ್ಲಿ ಯಾರಿಗೆ ಸೀರೆ ಕೊಡಲಿಲ್ಲ ಅನ್ನೋದು ಹೊರಗೆ ಬರುತ್ತದೆ. ಅಣ್ಣ, ವೈನಿ, ನೀವು, ಮಧ್ಯೆ ಆ ಸ್ಟೇಟ್‌ಮೆಂಟ್. ಅಷ್ಟೇ ಜನ ಸಾಕು. ವೈನಿಯನ್ನು ಬಿಡಬೇಡಿ. ಅವರಿಗೆ ಈ ಸಾಲ ಪೂರ್ತಿ ಗೊತ್ತೇ ಇಲ್ಲ ಅಂತ ನನಗೆ ಗುಮಾನಿ. "ತಿಂಗಳಿಗೆ ಎಷ್ಟು ತುಂಬುತ್ತಿ?" ಇದೊಂದೇ ಪ್ರಶ್ನೆ. ಎರಡು ಸಾವಿರ ಅಂದರೂ ಸರಿ, ಬರೆಸಿಕೊಳ್ಳಿ. ಆಗಲ್ಲ ಅಂದರೆ ಅದನ್ನೂ ಅವನ ಬಾಯಿಂದಲೇ ಕೇಳಿ. ಬಂಗಾರದ ಮಾತು ಆಮೇಲೆ.

ಕಳೆದ ದೀಪಾವಳಿಗೆ ಕಾಕಾನ ಮಗ ನನ್ನ ಹತ್ತಿರ 15 ಸಾವಿರ ಕೇಳಿದ. ಕೊಟ್ಟೆ. ಪೆನ್ನು ಅವನ ಕೈಗೇ ಕೊಟ್ಟು ಕ್ಯಾಲೆಂಡರ್ ತೋರಿಸಿದೆ. ಅವನಿಗೆ ನಾಚಿಕೆ, ನನಗೆ ಅವನಿಗಿಂತ ಜಾಸ್ತಿ. ಆದರೂ ಹಾಲಿನ ಲೆಕ್ಕದ ಕೆಳಗೆ ಬರೆದ. ವರ್ಷ ಬದಲಾದಾಗ ಆ ಹಾಳೆ ಹರಿದು ಹೊಸ ಕ್ಯಾಲೆಂಡರಿಗೆ ಪಿನ್ ಮಾಡಿದ್ದೇವೆ. 9 ಬಂದಿದೆ, 6 ಬಾಕಿ. ಮೊನ್ನೆ ಬಂದಾಗ ಅವನೇ ಆ ಹಾಳೆ ಎತ್ತಿ ನೋಡಿದ. "ಯುಗಾದಿಗೆ ಮುಗಸ್ತೀನಿ" ಅಂದ. ಊಟ ಮಾಡಿಕೊಂಡೇ ಹೋದ.