ಟೊಮೆಟೊ ಮಂಡಿಯ ಚೀಟಿ, ಮಾವನ ಕಣ್ಣಿನ ಸೂಜಿ

ನಮ್ಮ ಮಾವ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಲೆಕ್ಕ ಬರೆಯುತ್ತಾರೆ. ಈಗೀಗ ಚೀಟಿಯನ್ನು ಮೂಗಿನ ತುದಿಗೆ ತಂದು ಓದುತ್ತಾರೆ. 15 ಕೆಜಿ ಬಾಕ್ಸು ಮೂರೋ ಎಂಟೋ ಅಂತ ಪಕ್ಕದ ಹುಡುಗನನ್ನು ಕೇಳುತ್ತಾರೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ನಾಲ್ಕನೇ ಇಂಜೆಕ್ಷನ್ ಮುಗಿಸಿ ಬಂದವರು ಮನೆಯಲ್ಲಿ ರೇಗಿದರು. "ಶುಗರ್ ಕಂಟ್ರೋಲಲ್ಲಿದೆ. ಆದ್ರೂ ಸೂಜಿ ಮೇಲೆ ಸೂಜಿ. ಇದೆಲ್ಲಾ ದಂಧೆ!"

ದಂಧೆ ಅಲ್ಲ ಅಂತ ನಾನು ವಾದ ಮಾಡಿದೆ. ಅವರ ಮಂಡಿ ಭಾಷೆಯಲ್ಲೇ.

ಜೀವಕೋಶದಲ್ಲಿ ಡಿಎನ್‌ಎ ಅನ್ನೋದು ದೊಡ್ಡ ಖಾತೆ ಪುಸ್ತಕ. ಬೀರು ಬಿಟ್ಟು ಹೊರಗೆ ಬರಲ್ಲ. ಅದರಿಂದ ಒಂದು ಸಾಲು ನಕಲು ಮಾಡಿ ಕಳಿಸುವ ಚೀಟಿಯೇ ಆರ್‌ಎನ್‌ಎ. ಚೀಟಿ ಇರೋವರೆಗೆ ಮಾಲು, ಅಂದರೆ ಪ್ರೋಟೀನ್, ತಯಾರಾಗುತ್ತಲೇ ಇರುತ್ತದೆ. ಯಾವ ಚೀಟಿ ಹರಿದು ಬಿಸಾಕಬೇಕು, ಯಾವುದನ್ನು ಜೇಬಲ್ಲಿಟ್ಟು ಕಾಪಾಡಬೇಕು ಅಂತ ನೋಡೋಕೆ ಗುಮಾಸ್ತರಿದ್ದಾರೆ. ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು. ನಮ್ಮ ಮೈಯಲ್ಲಿ ಇಂಥವು ಸುಮಾರು 1500 ಬಗೆ. ಟಿಟಿಪಿ ಅನ್ನೋನು ಚೀಟಿ ಹರಿದು ಹಾಕುವವನು. ಹು-ಆರ್ ಅನ್ನೋನು ಕಾಪಾಡುವವನು.

ಡಯಾಬಿಟಿಸ್ ಬರಿಸಿದ ಇಲಿಗಳ ಕಣ್ಣಲ್ಲಿ ನೋಡಿದರೆ, ಈ ಹು-ಆರ್ ವಿಇಜಿಎಫ್ ಅನ್ನೋ ಪ್ರೋಟೀನಿನ ಚೀಟಿಯನ್ನು ಜಾಸ್ತಿ ಹಿಡಿದುಕೊಂಡಿತ್ತು. ವಿಇಜಿಎಫ್ ಮಾಡೋದೇನು? ಬೇಡದ ಕಡೆ ಹೊಸ ರಕ್ತನಾಳ ಬೆಳೆಸುತ್ತದೆ, ಇರೋ ನಾಳವನ್ನು ಸೋರಿಸುತ್ತದೆ. ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ನೀರು ತುಂಬಿ ಊದುತ್ತದೆ. ಮೂರು ಎಂಟಾಗೋದು ಹೀಗೆ.

ಈಗ ಇಂಜೆಕ್ಷನ್‌ಗೆ ಬನ್ನಿ. ಅದು ಚೀಟಿಯನ್ನು ಮುಟ್ಟುವುದಿಲ್ಲ. ತಯಾರಾದ ವಿಇಜಿಎಫ್ ಅನ್ನು ಗೇಟಲ್ಲಿ ಹಿಡಿಯುತ್ತದೆ, ಅಷ್ಟೇ. ಕೆಲವು ವಾರದಲ್ಲಿ ಔಷಧಿಯ ಬಲ ಇಳಿಯುತ್ತದೆ. ಒಳಗಿಂದ ಮಾಲು ಬರೋದು ನಿಂತಿಲ್ಲವಲ್ಲ! ಮತ್ತೆ ಸೂಜಿ.

"ಶುಗರ್ ಇಳಿದ ಮೇಲೂನಾ?" ಹೌದು. ಅಮೆರಿಕ, ಕೆನಡಾದ 1441 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 1993ರಲ್ಲಿ ಮುಗಿಯಿತು. ಅವರದು ಟೈಪ್ 1 ಡಯಾಬಿಟಿಸ್, ಮಾವನದ್ದಲ್ಲ. ಒಂದು ಗುಂಪಿನ ಶುಗರ್ ಬಿಗಿಯಾಗಿ ಹಿಡಿದಿಟ್ಟಿದ್ದರು, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಶುಗರ್ ಹೆಚ್ಚುಕಮ್ಮಿ ಒಂದೇ ಆಯಿತು. ಆದರೆ ಮೊದಲು ಶುಗರ್ ಜಾಸ್ತಿ ಇದ್ದವರ ಕಣ್ಣು ವರ್ಷಗಟ್ಟಲೆ ಹೆಚ್ಚು ಹಾಳಾಗುತ್ತಲೇ ಹೋಯಿತು. ಹಳೇ ಸಾಲದ ಬಡ್ಡಿ ಇದ್ದ ಹಾಗೆ.

"ಹಂಗಾದ್ರೆ ಆ ಗುಮಾಸ್ತನನ್ನೇ ಕೆಲಸದಿಂದ ತೆಗೀರಿ" ಅಂದರು ಮಾವ. ಒಳ್ಳೇ ಪ್ರಶ್ನೆ. ಆದರೆ ಅದೇ ಗುಮಾಸ್ತ ನೂರಾರು ಮಂಡಿಯ ಚೀಟಿ ನೋಡಿಕೊಳ್ಳುತ್ತಾನೆ. ಹು-ಆರ್ ಪೂರ್ತಿ ತೆಗೆದರೆ ಇಲಿ ಮರಿಗಳು ಹೊಟ್ಟೆಯಲ್ಲೇ ಸಾಯುತ್ತವೆ. ಕಣ್ಣಲ್ಲಿ ಮಾತ್ರ ತಡೆಯೋಕೆ ಲ್ಯಾಬುಗಳಲ್ಲಿ ಪ್ರಯತ್ನ ನಡೆದಿದೆ. ಅಂಗಡಿಗೆ ಬಂದಿಲ್ಲ. ವಾಟ್ಸಾಪಲ್ಲಿ ಬಂದಿದೆ, ಅದು ಬೇರೆ ವಿಷಯ.

ನನ್ನ ಸಿಟ್ಟು ಇರೋದು ಒಂದೇ. ನಾಲ್ಕು ಸೂಜಿ ಚುಚ್ಚಿದರು, ಎರಡು ನಿಮಿಷ ಕೂರಿಸಿ ಇದನ್ನು ಹೇಳಲಿಲ್ಲ. ಹೇಳದೆ ಹೋದಾಗಲೇ ಅಲ್ವಾ ದಂಧೆ ಅನ್ನೋ ಮಾತು ಹುಟ್ಟೋದು?

ಐದನೇದು ಸೋಮವಾರ. ಚೀಟಿ ಬರೆಯೋ ಹುಡುಗನಿಗೆ ಮಾವ ಆಗಲೇ ಹೇಳಿದ್ದಾರೆ, ಅವತ್ತು ಬೆಳಿಗ್ಗೆ ಹರಾಜು ನೀನೇ ನೋಡ್ಕೋ ಅಂತ.