ರ ಗ ಸ ದ ಅ: ಒಂದನೇ ಕ್ಲಾಸಿನ ಒಂದು ವಾರ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹೆಗ್ಗಡದೇವನಕೋಟೆ ಕಡೆ ಒಂದು ಸರ್ಕಾರಿ ಶಾಲೇಲಿ ಒಂದನೇ ಕ್ಲಾಸ್ ಮಕ್ಕಳ ಟೀಚರ್. ಸರಿಯಾಗಿ ಹೇಳ್ಬೇಕು ಅಂದ್ರೆ ಒಂದು, ಎರಡು, ಮೂರು, ಮೂರೂ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ ನನ್ನ ಜೊತೆ ಕೂರ್ತಾರೆ, ಅದೇ ನಲಿ-ಕಲಿ. ಅದರಲ್ಲಿ ಒಂದನೇ ಕ್ಲಾಸಿನೋರು ಒಂಬತ್ತು ಜನ. ಅವರದ್ದು ಜುಲೈ ತಿಂಗಳ ಒಂದು ವಾರ ಹೇಗಿತ್ತು ಅಂತ ಹೇಳ್ತೀನಿ, ಯಾಕಂದ್ರೆ ಮಕ್ಕಳನ್ನ ಶಾಲೆಗೆ ಕಳಿಸಿ ಮನೇಲಿ ಕೂತ್ಕೊಂಡು, ಅಲ್ಲಿ ಬರೀ ಹಾಡ್ಕೊಂಡು ಕುಣ್ಕೊಂಡು ಇರ್ತವಾ, ಓದೋದು ಯಾವಾಗ ಅಂತ ಯೋಚನೆ ಮಾಡೋ ಅಪ್ಪ ಅಮ್ಮ ಅಜ್ಜಿ ತಾತಂದಿರು ಎಷ್ಟೋ ಜನ ಈಗ ರೇಡಿಯೋ ಕೇಳ್ತಾ ಇರಬಹುದು.

ಅಂಥಾ ಒಬ್ಬ ಅಜ್ಜಿ ಸೋಮವಾರ ಬೆಳಿಗ್ಗೇನೇ ಬಂದ್ರು. ಜಡಿ ಮಳೆ, ತಲೆ ಮೇಲೆ ಗೊಬ್ಬರದ ಚೀಲ ಕೊಪ್ಪೆ ಹಾಕ್ಕೊಂಡು, ಮೊಮ್ಮಗಳ ಕೈ ಹಿಡ್ಕೊಂಡು ಬಾಗಿಲಲ್ಲೇ ನಿಂತು ಕೇಳಿದ್ರು, "ಅಲ್ಲ ಕಣವ್ವ ಮೇಷ್ಟ್ರಮ್ಮ, ನನ್ ಮಗ ಇಸ್ಕೂಲಿಗೆ ಹೋಗುವಾಗ ಅ ಆ ಇ ಈ ಅಂತ ಶುರು ಮಾಡೋರು, ಇವಳು ಮನೆಗ್ ಬಂದು ರ ಗ ಸ ದ ಅಂತಾಳೆ, ಇದ್ಯಾವ ಓದು?"

ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ, ಕೇಳಬೇಕಾದ ಪ್ರಶ್ನೆಯೇ. ಅಜ್ಜಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಅ ಆ ಇ ಈ ನಾಲ್ಕನ್ನೂ ಕಲಿತ ಮಗು ಅದರಲ್ಲಿ ಏನು ಓದಬಹುದು, ಆ ಮನೆ ಈ ಮನೆ ಅನ್ನೋದ್ರಲ್ಲಿರೋ ಆ ಮತ್ತೆ ಈ ಅಷ್ಟೇ. ಅದೇ ರ ಗ ಸ ದ ಅ, ಈ ಐದು ಬಂದ್ರೆ? ಸರ, ಅರಸ, ಅಗಸ, ಗರಗಸ. ಮಗು ಅಕ್ಷರ ಕಲಿತ ವಾರದಲ್ಲೇ ಒಂದು ಇಡೀ ಪದ ಓದುತ್ತೆ, ಓದಿದ್ದಕ್ಕೆ ಅರ್ಥ ಇರುತ್ತೆ, ಆ ಅರ್ಥ ಸಿಕ್ಕಿದಾಗ ಆ ಮುಖ ನೋಡ್ಬೇಕು ನೀವು. ಜೊತೆಗೆ ಈ ಅಕ್ಷರಗಳನ್ನ ಬರೆಯೋದೂ ಪುಟ್ಟ ಕೈಗೆ ಸುಲಭ, ಒಂದು ಬಂದ್ರೆ ಇನ್ನೊಂದಕ್ಕೆ ಕೈ ತಾನಾಗೇ ತಿರುಗುತ್ತೆ. ವರ್ಣಮಾಲೆಯ ಸಾಲು ಎಲ್ಲೂ ಹೋಗಲ್ಲ, ಅದು ಆಮೇಲೆ ಬರುತ್ತೆ. ಅಜ್ಜಿ ಪೂರ್ತಿ ಕೇಳಿಸ್ಕೊಂಡ್ರು, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಮೊಮ್ಮಗಳ ತಲೆ ಒರೆಸಿ ಹೋದ್ರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಇದು ನಮ್ಮ ತಾಲೂಕಿನೋರು ಹೆಮ್ಮೆ ಪಡಬೇಕಾದ ವಿಷಯ. ಈ ನಲಿ-ಕಲಿ ಶುರುವಾಗಿದ್ದೇ ನಮ್ಮ ಕೋಟೆ ತಾಲೂಕಲ್ಲಿ, 1995ರಲ್ಲಿ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ರ ಇರೋ ಋಷಿ ವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡ್ ಹಿಡ್ಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯೋದನ್ನ ನೋಡ್ಕೊಂಡು ಬಂದು, ಯುನಿಸೆಫ್ ಬೆಂಬಲದಲ್ಲಿ ನಮ್ಮ ಮಕ್ಕಳಿಗೆ ಬೇಕಾದ ಹಾಗೆ ಇಲ್ಲೇ ಕೂತು ಕಾರ್ಡು, ಆಟ, ಹಾಡು ಎಲ್ಲ ತಯಾರು ಮಾಡಿದ್ರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹೋಯ್ತು. ಕಾಡಂಚಿನ ತಾಲೂಕಿನ ಮೇಷ್ಟ್ರುಗಳು ಮಾಡಿದ ಕೆಲಸ ಇದು, ನಾನಂತೂ ಹೊಸಬರು ಯಾರೇ ಸಿಕ್ಕಿದ್ರೂ ಹೇಳ್ತೀನಿ.

ಮಂಗಳವಾರ ಗರಗಸದ ದಿನ. ಗೋಡೆ ಮೇಲೆ ಕಲಿಕಾ ಏಣಿ ಇದೆ, ಅದರಲ್ಲಿ ಮಗು ತಾನು ಎಲ್ಲಿದ್ದೀನಿ ಅಂತ ತಾನೇ ನೋಡ್ಕೊಂಡು, ಆ ಗುರುತಿನ ಕಾರ್ಡ್ ತಾನೇ ತಗೊಂಡು ಬಂದು ತನ್ನ ಗುಂಪಲ್ಲಿ ಕೂರ್ಬೇಕು. ತಟ್ಟೇಲಿ ರಾಗಿ ಹರಡಿ ಕೊಟ್ಟಿದ್ದೆ, ಬೆರಳಲ್ಲಿ ಅಕ್ಷರ ತಿದ್ದೋದಕ್ಕೆ, ತಪ್ಪಾದ್ರೆ ತಟ್ಟೆ ಅಲ್ಲಾಡಿಸಿದ್ರೆ ಆಯ್ತು, ರಬ್ಬರ್ ಬೇಡ, ಅಳು ಬೇಡ. ಗರಗಸದ ಚಿತ್ರದ ಕಾರ್ಡ್ ಬಂದಾಗ ಒಬ್ಬ ಹುಡುಗ ಎದ್ದು ನಿಂತ, ಅವರಪ್ಪ ಮರಗೆಲಸ ಮಾಡ್ತಾರೆ, "ಮಿಸ್ ಇದು ನಮ್ಮನೇಲೈತೆ, ಹಿಂಗೆ ಕೂಯ್ತದೆ" ಅಂತ ಬಲಗೈನ ಎಡಗೈ ಮೇಲೆ ಇಟ್ಟು ಗರ ಗರ ಗರ ಅಂತ ಎಳೆದು ಕೊನೇಲಿ ಸ್ಸ್ ಅಂದ. ಅಷ್ಟೇ, ಒಂಬತ್ತೂ ಮಕ್ಕಳು ಗರ ಗರ ಸ್ಸ್, ಎರಡನೇ ಕ್ಲಾಸಿನೋರೂ ಸೇರ್ಕೊಂಡ್ರು, ಮೂರನೆಯೋರು ದೊಡ್ಡೋರಲ್ವಾ, ಮೊದಲು ಸುಮ್ನಿದ್ದು ಆಮೇಲೆ ಅವರೂ ಶುರು ಮಾಡಿದ್ರು. ಆ ಮೇಲೆ ಅದೇ ಪದವನ್ನ ಕೆಳಗಿನ ಗೋಡೆ ಹಲಗೇಲಿ ಬರೀರಿ ಅಂದೆ, ಏಳು ಜನ ಬರೆದ್ರು. ಮೊದಲೇ ಹತ್ತು ಸಲ ಕಾಪಿ ಬರೀರಿ ಅಂದಿದ್ರೆ ಇಷ್ಟು ಬೇಗ ಬರ್ತಾ ಇರ್ಲಿಲ್ಲ ಅನ್ನೋದು ನನ್ನ ಅನುಭವ.

ಬುಧವಾರದ ಬಗ್ಗೆ ಹೆಚ್ಚು ಹೇಳೋಕಿಲ್ಲ, ಇಬ್ಬರಿಗೆ ಜ್ವರ, ಮಿಕ್ಕೋರಿಗೆ ನೆಗಡಿ. ಬೆಳಿಗ್ಗೆ ಹಾಲು ಕೊಡುವಾಗ ಲೋಟ ಹಂಚೋ ಕೆಲಸ ಒಂದನೇ ಕ್ಲಾಸಿನೋರಿಗೇ ಕೊಟ್ಟೆ, ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಕೊಂಡು ಹೋಗಿ ಕೊನೇಲಿ ಕೈಯಲ್ಲಿ ಎರಡು ಲೋಟ ಉಳೀತು, "ಎರಡು ಜನ ಬಂದಿಲ್ಲ ಮಿಸ್" ಅಂದ್ರು. ಅದು ಲೆಕ್ಕವೇ ತಾನೇ, ಹಲಗೆ ಮೇಲೆ ಒಂಬತ್ತರಿಂದ ಏಳು ಕಳೆಯೋದು ಮುಂದೆ ಯಾವಾಗಲೋ ಬರುತ್ತೆ.

ಗುರುವಾರ ಮಳೆ ಬಿಡ್ತು. ಪರಿಸರ ಪಾಠಕ್ಕೆ ಹೊರಗೆ ಕರ್ಕೊಂಡು ಹೋದೆ, ಶಾಲೆ ಹಿಂದಿನ ಬೇಲಿ ತನಕ ಅಷ್ಟೇ. ಇಲ್ಲಿ ಒಬ್ಬ ಹುಡುಗನ ಬಗ್ಗೆ ಹೇಳ್ಬೇಕು. ಜೇನುಕುರುಬರ ಹಾಡಿಯಿಂದ, ಅಂದ್ರೆ ಆ ಬುಡಕಟ್ಟಿನೋರ ಕೇರಿಯಿಂದ ಬರ್ತಾನೆ, ಜೂನ್ ತಿಂಗಳಿಂದ ಒಂದು ಮಾತೂ ಆಡಿಲ್ಲ. ಕರೆದ್ರೆ ಬರ್ತಾನೆ, ಕೊಟ್ಟಿದ್ದು ತಗೋತಾನೆ, ಹಾಡುವಾಗ ಮೂಲೇಲಿ ನಿಂತು ಕೈ ಮಾತ್ರ ಆಡಿಸ್ತಾನೆ. ಅವನ ಮನೆ ಮಾತು ಬೇರೆ, ನಮ್ಮ ಪುಸ್ತಕದ ಕನ್ನಡ ಅವನಿಗೆ ಹೊಸದು, ಆರು ವರ್ಷದ ಮಗು ಮೊದಲು ಕೇಳಿಸ್ಕೊಳ್ಳುತ್ತೆ, ಕೇಳಿಸ್ಕೊಳ್ಳೋ ಹೊತ್ತಲ್ಲಿ ಕಲೀತಾನೇ ಇರುತ್ತೆ, ಅದಕ್ಕೇ ನಾನು ಒತ್ತಾಯ ಮಾಡಿರ್ಲಿಲ್ಲ. ಬೇಲಿ ಆಚೆ ಪೊದೆಯೊಳಗಿಂದ ಊಪ್ ಊಪ್ ಊಪ್ ಅಂತ ಒಂದು ಹಕ್ಕಿ ಕೂಗ್ತು. ಯಾವ ಹಕ್ಕಿ ಅಂದೆ. ಒಬ್ಬಳು ಕೋಗಿಲೆ ಅಂದ್ಲು, ಒಬ್ಬ ಗೂಬೆ ಅಂದ. ಇವನು ನನ್ನ ಸೆರಗು ಎಳೆದು, ಬೆರಳು ತೋರಿಸಿ ಒಂದು ಹೆಸರು ಹೇಳಿದ. ಒಂದೂವರೆ ತಿಂಗಳಲ್ಲಿ ನಾನು ಕೇಳಿದ ಅವನ ಮೊದಲನೇ ಮಾತು.

ನಾನು ಆ ಹೆಸರನ್ನ ತಿರುಗಿ ಹೇಳಿದೆ, ಅವನು ತಲೆ ಅಲ್ಲಾಡಿಸಿದ, ಹಾಗಲ್ಲ ಅಂತ. ಇನ್ನೊಂದು ಸಲ ಹೇಳಿಕೊಟ್ಟ. ಮೂರನೇ ಸಲಕ್ಕೆ ಸರಿಯಾಯ್ತು, ಆಗ ನಕ್ಕ. ನಾವು ಕೆಂಬೂತ ಅಂತೀವಲ್ಲ, ಕೆಂಪು ರೆಕ್ಕೆ, ಕೆಂಪು ಕಣ್ಣು, ಕಪ್ಪು ಮೈ, ಅದೇ ಹಕ್ಕಿ, ಸ್ವಲ್ಪ ಹೊತ್ತಿಗೆ ಬೇಲಿ ಮೇಲೆ ಬಂದು ಕೂತು ಎಲ್ಲರಿಗೂ ಕಾಣಿಸ್ತು. ಕ್ಲಾಸಿಗೆ ಬಂದ ಮೇಲೆ ಎಲ್ಲರೂ ಚಿತ್ರ ಬರೆದ್ರು, ಅವನ ಚಿತ್ರದ ಕೆಳಗೆ ನಾನು ಎರಡೂ ಹೆಸರು ಬರೆದು ಚಪ್ಪರಕ್ಕೆ ನೇತುಹಾಕಿದೆ. ಚಪ್ಪರ ಅಂದ್ರೆ ನಮ್ಮ ರೂಮಿನ ಮೇಲುಗಡೆ ಅಡ್ಡಡ್ಡ ದಾರ ಕಟ್ಟಿರ್ತೀವಿ, ಮಕ್ಕಳು ಮಾಡಿದ್ದೆಲ್ಲ ಅಲ್ಲಿ ತೂಗ್ತಾ ಇರುತ್ತೆ. ಸಂಜೆ ಬೆಲ್ ಹೊಡೆದ ಮೇಲೂ ಅವನು ಕತ್ತೆತ್ತಿ ಅದನ್ನೇ ನೋಡ್ಕೊಂಡು ನಿಂತಿದ್ದ, ಅಣ್ಣ ಬಂದು ಕೈ ಹಿಡಿದು ಎಳ್ಕೊಂಡು ಹೋಗ್ಬೇಕಾಯ್ತು.

ಶುಕ್ರವಾರ ಅಳಗುಳಿಮಣೆ. ಅದೇ ಅಜ್ಜಿ ಮನೆಯಿಂದ ಮೊಮ್ಮಗಳು ತಂದಿದ್ಲು, ಹಳೇ ಮರದ ಮಣೆ, ಆ ಕಡೆ ಏಳು ಈ ಕಡೆ ಏಳು ಗುಣಿ, ಕೈ ಆಡಿ ಆಡಿ ಗುಣಿಯೆಲ್ಲ ನುಣುಪಾಗಿ ಹೋಗಿವೆ. ಒಂದೊಂದು ಗುಣಿಗೆ ಐದೈದು ಹುಣಸೆ ಬೀಜ ಎಣಿಸಿ ಹಾಕೋದ್ರಲ್ಲೇ ಅರ್ಧ ಪೀರಿಯಡ್ ಹೋಯ್ತು, ಹೋಗ್ಲಿ, ಎಣಿಸೋದೇ ತಾನೇ ಬೇಕಾಗಿದ್ದು. ಎತ್ತಿ ಹಂಚ್ಕೊಂಡು ಹೋಗ್ತಾ ಹೋಗ್ತಾ ಮುಂದಿನ ಗುಣಿ ಖಾಲಿ ಸಿಕ್ರೆ, ಅದನ್ನ ಬೆರಳಲ್ಲಿ ಒರೆಸಿ ಅದರಾಚೆ ಗುಣೀಲಿರೋದನ್ನ ಗೆಲ್ಲಬಹುದು, ಆಟ ಗೊತ್ತಿರೋರಿಗೆ ಇದು ಗೊತ್ತು. ಖಾಲಿ ಗುಣಿ ಬಂದಾಗ "ಇದರಲ್ಲಿ ಎಷ್ಟಿದೆ" ಅಂತ ಕೇಳಿದೆ. "ಏನೂ ಇಲ್ಲ ಮಿಸ್." ಏನೂ ಇಲ್ಲ ಅಂತ ಬರೆಯೋದು ಹೇಗೆ ಅಂದ್ರೆ ಎಲ್ಲರೂ ಸುಮ್ನಾದ್ರು. ಮರಗೆಲಸದವರ ಮಗ ಸೀಮೆಸುಣ್ಣ ತಗೊಂಡು ಆ ಗುಣಿಯ ಅಂಚಿನ ಸುತ್ತ ಗೆರೆ ಎಳೆದ, ಗುಂಡಗೆ. ಸೊನ್ನೆ! ನಾನು ಹೇಳಿಕೊಟ್ಟಿದ್ದಲ್ಲ. ಎಷ್ಟೋ ವರ್ಷದಿಂದ ಪಾಠ ಮಾಡ್ತಾ ಇದ್ದೀನಿ, ಸೊನ್ನೆಯನ್ನ ಇಷ್ಟು ಚೆನ್ನಾಗಿ ನಾನು ಯಾವತ್ತೂ ವಿವರಿಸಿಲ್ಲ.

ಶನಿವಾರ ತಿಂಗಳ ಮೂರನೇ ಶನಿವಾರ, ಬ್ಯಾಗ್ ಇಲ್ಲದ ದಿನ, ಸಂಭ್ರಮ ಶನಿವಾರ. ಅಂಗಳದಲ್ಲಿ ಕುಂಟೆಬಿಲ್ಲೆ ಮನೆ ಬರೆದು ಒಂದೊಂದರಲ್ಲಿ ಒಂದೊಂದು ಅಕ್ಷರ, ಐದೇ ಮನೆ. ನಾನು ಪದ ಹೇಳಿದ್ರೆ ಕುಂಟ್ಕೊಂಡು ಆ ಅಕ್ಷರಗಳನ್ನೇ ಮೆಟ್ಟಬೇಕು. ಸರ, ಸುಲಭ. ಅರಸ, ಆಯ್ತು. ಗರಗಸ ಅಂದಾಗ ಆ ಅಜ್ಜಿ ಮೊಮ್ಮಗಳು ಗ ಮೆಟ್ಟಿ, ರ ಮೆಟ್ಟಿ, ಒಂಟಿ ಕಾಲಲ್ಲೇ ನಿಂತು ಕೇಳಿದ್ಲು, "ಮಿಸ್, ವಾಪಸ್ ಗಗೆ ಹೋಗಬಹುದಾ? ಅದು ಆಗ್ಲೇ ಆಗೋಯ್ತಲ್ಲ?" ಹೋಗಬಹುದು ಕಣೆ, ಎಷ್ಟು ಸಲ ಬೇಕಾದ್ರೂ ಹೋಗಬಹುದು ಅಂದೆ. ಅದು ಅವಳಿಗೆ ಎಷ್ಟು ಖುಷಿ ಕೊಡ್ತು ಅಂದ್ರೆ ಗರಗಸ ಗರಗಸ ಗರಗಸ ಅಂತ ಸುಸ್ತಾಗೋ ತನಕ ಕುಂಟಿದ್ಲು.

ಮಧ್ಯಾಹ್ನ ಶಾಲೆ ಬಿಟ್ಟು ನಾನೂ ಬಸ್ಸಿಗೆ ಬಂದೆ. ಸ್ಟಾಪಲ್ಲಿ ಅಜ್ಜಿ ಮೊಮ್ಮಗಳು ಕೂತಿದ್ರು, ಕೋಟೆ ಸಂತೆಗೆ ಹೊರಟಿದ್ರಂತೆ. ಅಲ್ಲಿ ಗೋಡೆ ಮೇಲೆ ಹೋದ ವರ್ಷದ ದಸರಾ ಕ್ರೀಡಾಕೂಟದ ಬ್ಯಾನರ್, ಮಳೆಗೆ ಬಣ್ಣ ಹೋಗಿ, ಮಿಕ್ಕಿದ್ದೆಲ್ಲ ಹರಿದು ಮೊದಲನೇ ಪದ ಮಾತ್ರ ಉಳಿದಿತ್ತು. ಇವಳು ಬೆಂಚ್ ಮೇಲೆ ಹತ್ತಿ ನಿಂತು ಬೆರಳಿಟ್ಟಳು. ದ. ಸ. ರ. ಆಮೇಲೆ ನಿಂತುಬಿಟ್ಟಳು. "ಮಿಸ್, ಇದರ ಹಿಂದೆ ಒಂದು ಬಾಲ ಐತೆ, ಇದನ್ನ ನೀವು ಹೇಳ್ಕೊಟ್ಟೇ ಇಲ್ಲ."

ಅದಕ್ಕೆ ಇಳಿ ಅಂತಾರೆ ಪುಟ್ಟಿ, ಅದು ಬಂದ್ರೆ ರ ಹೋಗಿ ರಾ ಆಗುತ್ತೆ ಅಂದೆ. ಅವಳು ಬಾಯಲ್ಲಿ ಎರಡು ಸಲ ಅಂದುಕೊಂಡು, ತಿರುಗಿ ಅಜ್ಜಿಗೆ ಕೂಗಿ ಹೇಳಿದ್ಲು, "ಅಜ್ಜೀ, ದಸರಾ ಅಂತ ಬರ್ದವ್ರೆ!" ಅಜ್ಜಿ ಎದ್ದು ಬಂದ್ರು, ಬ್ಯಾನರ್ ನೋಡಿದ್ರು, ಮೊಮ್ಮಗಳ ಬೆರಳಿದ್ದ ಜಾಗದಲ್ಲೇ ತಮ್ಮ ಬೆರಳನ್ನೂ ಇಟ್ರು. "ಹಂಗಾದ್ರೆ ಇದು ದ?" ಅಂತ ಕೇಳಿದ್ರು. ಹೂಂ ಅಜ್ಜಿ ಅಂದ್ಲು ಅವಳು. ಬಸ್ ಬಂತು, ಹತ್ತುವಾಗ ಅಜ್ಜಿ ನನ್ನ ಕಡೆ ತಿರುಗಿ ಹೇಳಿದ್ರು, "ಸೋಮವಾರ ಆ ಬಾಲದ್ದೂ ಹೇಳ್ಕೊಟ್ಬುಡವ್ವ."

ನಮಸ್ಕಾರ.